ಗಿಲ್ಬೇರನ ಬಾಯಲ್ಲಿ ಉಳಿದ ಮಾತು

ಫಿನ್ನಿಶ್ ಮನೆತನದ ರೈಮೋ ಲೆಹ್ತಿನೆನ್‌ನನ್ನು ಕಾರ್ವರ್ ಫಾಲ್ಸ್ ಊರಿನ ಐಸ್ ಹಾಕಿ ತಂಡ ಇಟ್ಟುಕೊಂಡಿದ್ದು ಗೋಲು ಹೊಡೆಯಲಿಕ್ಕಲ್ಲ, ಮನುಷ್ಯರನ್ನು ಹೊಡೆಯಲಿಕ್ಕೆ. ಗೋಲು ಹೊಡೆಯುವ ಚುರುಕು ಆಟಗಾರರ ಮೈಮೇಲೆ ಎದುರು ತಂಡದವರು ಬಿದ್ದರೆ ಕೋಚ್ ಡಗ್ ಮೆಕ್‌ಕ್ವೇಡ್ ಬೆಂಚಿನ ಹಿಂದೆ ನಿಂತು ಅವನ ಹೆಗಲ ಮೇಲೊಂದು ಕೈ ಇಡುತ್ತಿದ್ದ. ಬಾಯಿ ಬಿಟ್ಟು ಹೇಳುವ ಅಗತ್ಯವಿರಲಿಲ್ಲ. ರೈಮೋ ಮಂಜಿನ ಅಂಗಳಕ್ಕಿಳಿದು, ತಪ್ಪು ಮಾಡಿದವನನ್ನು ಹುಡುಕಿ, ಗ್ಲೌಸು ಕಳಚಿ ಎಸೆದು, ಕೆಲಸ ಮುಗಿಸಿ ಬರುತ್ತಿದ್ದ. ರೆಫರಿಗಳು ಸುತ್ತ ನಿಂತು ನೋಡುತ್ತಿದ್ದರು. ಇಬ್ಬರಲ್ಲೊಬ್ಬ ನೆಲ ಕಂಡ ಮೇಲೆ ಬಿಡಿಸುತ್ತಿದ್ದರು. ಉತ್ತರ ಒಂಟೇರಿಯೋದ ಗಣಿ ಊರುಗಳಲ್ಲಿ ಜನ ಟಿಕೆಟ್ ಕೊಳ್ಳುತ್ತಿದ್ದದ್ದೇ ಅದಕ್ಕೆ.

ಪಕ್ಕದ ಸಾಂತ್-ಒಡೀಲ್ ಪೇಪರ್ ಮಿಲ್ಲಿನ ಊರು. ಅಲ್ಲಿಯವರು ಫ್ರೆಂಚ್ ಮಾತಾಡುವವರು. ಅವರ ತಂಡದಲ್ಲಿ ಇದೇ ಕೆಲಸಕ್ಕೆ ಇದ್ದವನು ಗಿಲ್ಬೇರ್ ಶಾರ್ಟ್ರಾನ್. ಗಿಲ್ಬೇರನ ಮುಷ್ಟಿಗಿಂತ ಅವನ ನಾಲಿಗೆಗೆ ಹೆಸರು ಜಾಸ್ತಿ. ಹೊಡೆಯುವ ಮುಂಚೆ ಎದುರಾಳಿಯನ್ನು ಮಾತಿನಲ್ಲಿ ಸುಲಿದು ಉಪ್ಪು ಸವರುತ್ತಿದ್ದ. ಗಾಜಿನ ತಡೆಗೋಡೆಗೆ ಮೂಗು ಒತ್ತಿಕೊಂಡು ಕೂತ ಜನ ಕೇಳಿ ಕೇಳಿ ನಗುತ್ತಿದ್ದರು. ರೈಮೋನೂ ಅವನೂ ಎಷ್ಟೋ ವರ್ಷಗಳಿಂದ ಬಡಿದಾಡಿಕೊಂಡು ಬಂದವರು. ರೈಮೋನ ಮೂಗು ಎರಡನೇ ಸಲ ಮುರಿದದ್ದು ಗಿಲ್ಬೇರನ ಕೈಯಲ್ಲಿ. ಗಿಲ್ಬೇರನ ಮುಂದಿನ ಹಲ್ಲುಗಳು ಹೋದದ್ದು ರೈಮೋನ ಕೈಯಲ್ಲಿ. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಒಮ್ಮೆ ಎದುರುಬದುರಾದಾಗ ಇಬ್ಬರೂ ಕಾಫಿ ಕುಡಿಯುತ್ತ ಅರ್ಧ ಗಂಟೆ ಹರಟಿದ್ದರು. ಗೆಳೆತನ ಅನ್ನುವಂತಿರಲಿಲ್ಲ. ಆದರೆ ರೈಮೋನ ತಲೆ ಬೆಳಗ್ಗೆ ಹೇಗೆ ಸಿಡಿಯುತ್ತದೆ, ಶೂ ಲೇಸ್ ಕಟ್ಟುವಾಗ ಬೆರಳು ಹೇಗೆ ನಡುಗುತ್ತವೆ ಎಂದು ಬಾಯಿಬಿಟ್ಟು ಹೇಳದೆಯೇ ತಿಳಿಯಬಲ್ಲವನು ಭೂಮಿಯ ಮೇಲೆ ಅವನೊಬ್ಬನೇ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಕಾರ್ವರ್ ಫಾಲ್ಸ್‌ನಲ್ಲಿ ಪಂದ್ಯ. ಎರಡನೇ ಅವಧಿಯಲ್ಲಿ ಮೆಕ್‌ಕ್ವೇಡ್‌ನ ಕೈ ರೈಮೋನ ಹೆಗಲಿಗೆ ಬಂತು. ಗಿಲ್ಬೇರ್ ಆಗಲೇ ಅಂಗಳದ ನಡುವೆ ಕಾಯುತ್ತ ನಿಂತಿದ್ದ.

"ಬಾರೋ ಫಿನ್ನು," ಅಂದ. "ನಿನ್ನ ಮೂಗು ನೋಡಿದ್ರೆ ನಮ್ಮೂರ ರಸ್ತೆ ನೆನಪಾಗುತ್ತೆ ಕಣೋ. ಎಲ್ಲೂ ನೆಟ್ಟಗಿಲ್ಲ."

"ನಿನ್ನ ಹಲ್ಲು ನೋಡಿದ್ರೆ ನಿಮ್ಮ ಮಿಲ್ಲಿನ ಬೇಲಿ ನೆನಪಾಗುತ್ತೆ," ಎಂದ ರೈಮೋ. "ಒಂದಿದ್ರೆ ಇನ್ನೊಂದಿಲ್ಲ."

ಗ್ಲೌಸುಗಳು ಬಿದ್ದವು. ಎಡಗೈಯಲ್ಲಿ ಒಬ್ಬರ ಕೊರಳಪಟ್ಟಿ ಇನ್ನೊಬ್ಬರು ಹಿಡಿದು ಬಲಗೈಯಲ್ಲಿ ಗುದ್ದತೊಡಗಿದರು. ಗಿಲ್ಬೇರನ ಮೊದಲ ಏಟು ರೈಮೋನ ಕಿವಿಯ ಮೇಲೆ ಬಿತ್ತು, ಎರಡನೆಯದು ಕಣ್ಣಿನ ಕೆಳಗೆ. ಬಾಯಿ ತುಂಬ ರಕ್ತದ ರುಚಿ. ರೈಮೋ ತಲೆ ತಗ್ಗಿಸಿ ಒಳನುಗ್ಗಿ ಪಕ್ಕೆಗೆ ಹೊಡೆದ, ಮತ್ತೆ ಪಕ್ಕೆಗೇ ಹೊಡೆದ, ಗಿಲ್ಬೇರ್ ಉಸಿರಿಗಾಗಿ ಬಾಯಿ ತೆರೆದಾಗ ಕೆಳಗಿನಿಂದ ದವಡೆಗೆ ಇಕ್ಕಿದ. ಹೆಲ್ಮೆಟ್ಟಿನ ಪಟ್ಟಿ ಕಿತ್ತು ಹೆಲ್ಮೆಟ್ಟು ಹಾರಿತು. ಮುಂದಿನ ಏಟು ಕೊಡುವಾಗ ಎದುರಿಗಿದ್ದವನ ತಲೆ ಬರಿದಾಗಿದೆ ಎಂದು ರೈಮೋಗೆ ಕಾಣದೆ ಇರಲಿಲ್ಲ. ಕೈ ಆಗಲೇ ಹೊರಟುಬಿಟ್ಟಿತ್ತು.

ಗಿಲ್ಬೇರ್ ಬೀಳುವ ಮೊದಲೇ ಪ್ರಜ್ಞೆ ತಪ್ಪಿದ್ದ. ಬೀಳುವವನು ಕೈ ಊರುತ್ತಾನೆ, ಕತ್ತು ಎಳೆದುಕೊಳ್ಳುತ್ತಾನೆ. ಅವನು ಏನನ್ನೂ ಮಾಡದೆ ಕಡಿದ ಮರದ ಹಾಗೆ ಹಿಂದಕ್ಕೆ ಹೋದ. ಹಿಂದಲೆ ಮಂಜುಗಡ್ಡೆಗೆ ಬಡಿದಾಗ ಕೊರಡಿಗೆ ಕೊಡಲಿಯ ಹಿಂಬದಿ ಬಿದ್ದ ಸದ್ದಾಯಿತು. ಅವನ ಎರಡೂ ತೋಳು ಗಾಳಿಯಲ್ಲಿ ಸೆಟೆದು ನಿಂತವು. ಆಮೇಲೆ ಕಾಲು ಅದುರತೊಡಗಿತು. ಸ್ಕೇಟಿನ ಅಲಗು ಮಂಜನ್ನು ಕರಕರ ಕೆರೆಯಿತು, ಬಿಳಿ ಪುಡಿ ಎದ್ದಿತು. ಜನ ಇನ್ನೂ ಕೂಗುತ್ತಲೇ ಇದ್ದರು. ಮೂಗಿನಿಂದ ಇಳಿದ ರಕ್ತ ಅವನ ಕಿವಿಯ ಸುತ್ತ ಕೆರೆಕಟ್ಟಿದ ಮೇಲೆ ಗಾಜಿನ ಹತ್ತಿರದವರು ಮೊದಲು ಸುಮ್ಮನಾದರು, ಮೌನ ಮೇಲಿನ ಸಾಲುಗಳಿಗೆ ಹತ್ತುತ್ತ ಹೋಯಿತು. ಸಡ್ಬರಿ ಪಟ್ಟಣದಿಂದ ಆಂಬುಲೆನ್ಸ್ ಬರುವತನಕ ಅವನನ್ನು ಅಲ್ಲೇ ಮಲಗಿಸಿದ್ದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಮೆಕ್‌ಕ್ವೇಡ್ ರೈಮೋನ ಬೆನ್ನು ಸವರಿದ. "ತಲೆ ಗಿಮ್ಮಂದಿರುತ್ತೆ, ಅಷ್ಟೇ," ಅಂದ. ಅವನ ನಿಘಂಟಿನಲ್ಲಿ ತಲೆಗೆ ಆಗುವುದಕ್ಕೆಲ್ಲ ಇದ್ದದ್ದು ಅದೊಂದೇ ಪದ. ರೈಮೋ ಒಮ್ಮೆ ತನ್ನ ಬೆಂಚು ಬಿಟ್ಟು ಎದುರಾಳಿಗಳ ಬೆಂಚಿನಲ್ಲಿ ಹೋಗಿ ಕೂತಿದ್ದಾಗಲೂ ಗಿಮ್ಮಂದಿತ್ತು, ವಾರಗಟ್ಟಲೆ ಬೆಳಕು ಕಂಡರೆ ವಾಂತಿ ಬರುತ್ತಿದ್ದಾಗಲೂ ಗಿಮ್ಮಂದಿತ್ತು. ಮೂಗಿಗೆ ಅಮೋನಿಯಾ ಹಿಡಿದು ಮತ್ತೆ ಅಂಗಳಕ್ಕೆ ನೂಕುತ್ತಿದ್ದರು.

*

ಸಡ್ಬರಿಯ ಆಸ್ಪತ್ರೆ ಅಲ್ಲಿಂದ ಅರ್ಧ ಗಂಟೆಯ ದಾರಿ. ರೈಮೋ ಮಾರನೆಯ ಬೆಳಗ್ಗೆ ಹೋದ. ತೀವ್ರ ನಿಗಾ ಘಟಕದ ಹೊರಗಿನ ಪಡಸಾಲೆಯಲ್ಲಿ ಗಿಲ್ಬೇರನ ಹೆಂಡತಿ ನೋಯೆಲ್ಲಾ ನಿಂತಿದ್ದಳು. ಗಂಡನ ಸಾಮಾನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವಳ ಕೈಗೆ ಕೊಟ್ಟಿದ್ದರು. ಬಟ್ಟೆ, ಗಡಿಯಾರ, ಲೇಸು ಕತ್ತರಿಸಿ ತೆಗೆದ ಸ್ಕೇಟುಗಳು.

ಅವಳು ರೈಮೋನನ್ನು ಗುರುತು ಹಿಡಿದಳು. ಎರಡು ಹೆಜ್ಜೆ ಮುಂದೆ ಬಂದು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಸ್ಕೇಟಿನ ಅಲಗು ಪ್ಲಾಸ್ಟಿಕ್ಕನ್ನು ಸೀಳಿ ಅವನ ಹುಬ್ಬನ್ನೂ ಸೀಳಿತು. ರೈಮೋ ಕೈ ಎತ್ತಲಿಲ್ಲ. ಅವಳು ಮತ್ತೆ ಬೀಸಿದಳು, ಈ ಸಲ ಕೆನ್ನೆಗೆ. ಮೂರನೇ ಸಲಕ್ಕೆ ಚೀಲ ಹರಿದು ಸ್ಕೇಟುಗಳು ನೆಲಕ್ಕೆ ಬಿದ್ದವು. ಅವನು ಮುಖದ ತುಂಬ ರಕ್ತ ಸುರಿಸಿಕೊಂಡು ಅಲ್ಲೇ ನಿಂತಿದ್ದ. ನರ್ಸ್ ಒಬ್ಬಳು ಓಡಿಬಂದು ಅವನನ್ನು ಕುರ್ಚಿಗೆ ತಳ್ಳಿದಳು.

ನರರೋಗ ತಜ್ಞೆ ಡಾಕ್ಟರ್ ವೊಯ್ಚಿಕ್ ಸದ್ದು ಕೇಳಿ ಹೊರಗೆ ಬಂದರು. ನರೆತ ಕೂದಲಿನ ಕುಳ್ಳ ಹೆಂಗಸು. ಜಗಳಗಳನ್ನು ಕಂಡು ಪಳಗಿದವರಂತೆ ಯಾರನ್ನೂ ಬೈಯದೆ ಹತ್ತಿಬಟ್ಟೆ ತೆಗೆದುಕೊಂಡು ಅವನ ಹುಬ್ಬಿಗೆ ಒತ್ತಿ ಹಿಡಿದರು. ಪೊಲೀಸರನ್ನು ಕರೆಯಲೇ ಎಂದು ಕೇಳಿದರು. ರೈಮೋ ಬೇಡವೆಂದ.

"ಅವನಿಗೇನಾಗಿದೆ?" ಎಂದು ಕೇಳಿದ.

"ಕೇಳ್ತಾನಂತೆ," ಅಂದಳು ನೋಯೆಲ್ಲಾ. ಅವಳ ದನಿ ಏರಲಿಲ್ಲ. "ಹೇಳಿ ಡಾಕ್ಟ್ರೇ. ನನಗೆ ಹೇಳಿದ್ರಲ್ಲ, ಆ ಹೆಸರೆಲ್ಲ ಒಂದೊಂದಾಗಿ ಹೇಳಿ. ಇವನೂ ನನ್ನೆದುರಿಗೆ ಒಂದೊಂದಾಗಿ ಹೇಳ್ಲಿ. ನನಗೆ ಬಾಯಿಪಾಠ ಆಗಿದೆ. ಇವನಿಗೂ ಆಗ್ಲಿ."

ಡಾಕ್ಟರು ಅವಳ ಮುಖ ನೋಡಿದರು. ಇದು ಅವಳಿಗೆ ಬೇಕು ಅನ್ನಿಸಿತೋ ಏನೋ, ಹೇಳಿದರು. ಮಿದುಳಿನ ಮೇಲೆ ಡ್ಯೂರಾ ಅಂತ ಒಂದು ಗಟ್ಟಿ ಪೊರೆ ಇರುತ್ತದೆ. ಅದರ ಅಡಿಯಲ್ಲಿ ನಾಳ ಹರಿದು ಎಡಗಡೆಯೆಲ್ಲ ರಕ್ತ ತುಂಬಿ ಹೆಪ್ಪುಗಟ್ಟಿತ್ತು. ತಲೆಬುರುಡೆ ತೆರೆದು ತೆಗೆದಿದ್ದಾರೆ. ಅದರ ಹೆಸರು ಸಬ್‌ಡ್ಯೂರಲ್ ಹೆಮಟೋಮಾ.

"ಹೇಳು," ಅಂದಳು ನೋಯೆಲ್ಲಾ.

"ಸಬ್‌ಡ್ಯೂರಲ್ ಹೆಮಟೋಮಾ," ಎಂದ ರೈಮೋ.

ಮಿದುಳಿನ ಎಡಭಾಗ ನೋಡಿಕೊಳ್ಳುವುದು ಮೈಯ ಬಲಭಾಗವನ್ನು. ಆದ್ದರಿಂದ ಬಲಗೈ, ಬಲಗಾಲು ಸತ್ತಂತಾಗಿವೆ. ಹೆಮಿಪ್ಲೀಜಿಯಾ. ಮಾತು ಕಟ್ಟುವ ಜಾಗವೂ ಎಡಕ್ಕೇ ಇರುವುದರಿಂದ ಅದಕ್ಕೂ ಪೆಟ್ಟು ಬಿದ್ದಿದೆ. ಎಚ್ಚರವಾದ ಮೇಲೆ ನಾವು ಹೇಳಿದ್ದು ಅವನಿಗೆ ತಿಳಿಯಬಹುದು, ತಿರುಗಿ ಹೇಳಲು ಪದ ಸಿಗುವುದಿಲ್ಲ. ಅಫೇಸಿಯಾ.

ರೈಮೋ ಅಫೇಸಿಯಾ ಎಂದ. ಹೆಮಿಪ್ಲೀಜಿಯಾ ಎಂದ.

"ಮೊದಲನೇದು?" ಅಂದಳು ನೋಯೆಲ್ಲಾ.

ರೈಮೋ ಬಾಯಿ ತೆರೆದ. ಏನೂ ಬರಲಿಲ್ಲ. ನೆಲದ ಮೇಲಿನ ಸ್ಕೇಟುಗಳನ್ನು ನೋಡಿದ, ಗೋಡೆ ನೋಡಿದ. "ಹೆಮಿ..." ಅಂದ. ಅವಳು ಅವನ ಕಪಾಳಕ್ಕೆ ಬಾರಿಸಿದಳು. ಇನ್ನೊಂದು ಬಾರಿಸಲು ಎತ್ತಿದ ಕೈಯನ್ನು ಡಾಕ್ಟರು ಹಿಡಿದುಕೊಂಡರು.

"ಬಿಡಮ್ಮ. ಅಣಕಿಸ್ತಾ ಇಲ್ಲ ಅವನು," ಅಂದರು. "ಅವನ ತಲೇಲಿ ನಿಲ್ತಾ ಇಲ್ಲ."

ಆಮೇಲೆ ಅವನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ತಿಂಗಳುಗಳ ಹೆಸರನ್ನು ಹಿಂದಿನಿಂದ ಹೇಳಿಸಿದರು. ಅವನು ಆಗಸ್ಟಿನಲ್ಲಿ ನಿಂತ. ಕಣ್ಣು ಮುಚ್ಚಿ ಕಾಲು ಜೋಡಿಸಿ ನಿಲ್ಲೆಂದರೆ ಗೋಡೆಯ ಕಡೆಗೆ ವಾಲಿದ. ಇದಕ್ಕೂ ಹೆಸರಿದೆ, ಕನ್ಕಶನ್, ಏಟಿಗೆ ಮಿದುಳು ಬುರುಡೆಯೊಳಗೇ ಅದುರುವುದು. ಇವನಿಗೆ ಒಂದರ ಮೇಲೊಂದು ಬಿದ್ದು ಪದರಗಟ್ಟಿದೆ ಎಂದರು. ಇನ್ನು ಅಂಗಳಕ್ಕಿಳಿಯಬೇಡ, ಮುಂದಿನ ಏಟು ಯಾರದೇ ಆಗಲಿ, ಎಷ್ಟೇ ಸಣ್ಣದಾಗಲಿ, ಅದು ಕೊನೆಯದಾಗಬಹುದು ಎಂದರು. ಅವನು ತಲೆಯಾಡಿಸಿದ. ಇದುವರೆಗೆ ಎಷ್ಟು ಸಲ ಹೀಗಾಗಿದೆ ಎಂದು ಡಾಕ್ಟರು ಕೇಳಿದಾಗ, ಗಿಮ್ಮಂದದ್ದರ ಲೆಕ್ಕ ಅವನಿಗೆ ಸಿಗಲಿಲ್ಲ.

ನೋಯೆಲ್ಲಾ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಅವಳ ಮುಖ ಸಡಿಲಾಗಲಿಲ್ಲ. ಬಗ್ಗಿ ಸ್ಕೇಟುಗಳನ್ನು ಎತ್ತಿಕೊಂಡು ಹೊರಟುಹೋದಳು.

*

ರೈಮೋ ತನ್ನ ಸೋದರಮಾವ ಎರ್ಕಿಯ ಮನೆಯಲ್ಲಿದ್ದ. ಎರ್ಕಿಗೆ ಊರ ಜನರಿಗಾಗಿ ನಡೆಸುವ ಒಂದು ಸೌನಾ, ಹಬೆ ಸ್ನಾನದ ಮನೆ ಇತ್ತು. ಅದರ ಒಲೆಗೆ ಬರ್ಚ್ ಸೌದೆ ಒಡೆಯುತ್ತ ರೈಮೋ ಆ ಪದಗಳನ್ನು ಬಾಯಿಪಾಠ ಮಾಡಿದ. ಕೊಡಲಿ ಎತ್ತುವಾಗ ಒಂದು, ಇಳಿಸುವಾಗ ಒಂದು. ಸೋದರಳಿಯನಿಗೆ ತಲೆ ಕೆಟ್ಟಿದೆ ಎಂದು ಎರ್ಕಿ ಗಿರಾಕಿಗಳ ಹತ್ತಿರ ಹೇಳಿದ. ವಾರದ ಕೊನೆಗೆ ರೈಮೋ ಮತ್ತೆ ಆಸ್ಪತ್ರೆಗೆ ಹೋಗಿ, ನೋಯೆಲ್ಲಾಳ ಎದುರು ನಿಂತು ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಗಿಲ್ಬೇರನನ್ನು ಆಗ ಸಾಮಾನ್ಯ ವಾರ್ಡಿಗೆ ತಂದಿದ್ದರು. ತಲೆ ಬೋಳಿಸಿ ಕಿವಿಯ ಮೇಲಿನಿಂದ ನಡುನೆತ್ತಿಯವರೆಗೆ ಹೊಲಿಗೆ ಹಾಕಿದ್ದರು. ಮುಖದ ಬಲಗಡೆ ಜೋತುಬಿದ್ದಿತ್ತು. ಮಾತು ಕಲಿಸುವ ತಜ್ಞೆ ಓರಿಸ್ಯಾ ಪೆಟ್ರುನಿಕ್ ಎಂಬ ಯುವತಿ ಅವನ ಮುಂದೆ ಚಿತ್ರಗಳನ್ನು ಹಿಡಿದಿದ್ದಳು: ಬಟ್ಟಲು, ನಾಯಿ, ಕೀಲಿಕೈ. ಎಚ್ಚರವಾದಾಗಿನಿಂದ ಅವನ ಬಾಯಿಂದ ಒಂದು ಅಕ್ಷರ ಹೊರಟಿರಲಿಲ್ಲ. ನೋಡುತ್ತಿದ್ದ, ತಿಳಿಯಿತು ಎಂದು ಕಣ್ಣು ಮಿಟುಕಿಸುತ್ತಿದ್ದ, ತುಟಿ ಮುಂದೆ ಮಾಡುತ್ತಿದ್ದ, ಅಷ್ಟರಲ್ಲೇ ಸೋತುಹೋಗುತ್ತಿದ್ದ.

ಬಾಗಿಲಲ್ಲಿ ನಿಂತ ರೈಮೋನ ಮೇಲೆ ಅವನ ಕಣ್ಣು ಬಿತ್ತು. ಕುತ್ತಿಗೆಯ ನರ ಉಬ್ಬಿತು. ಎಡಗೈ ಹಾಸಿಗೆಯ ಕಂಬಿಯನ್ನು ಹಿಡಿದು ಅಲುಗಾಡಿಸಿತು. ಆಮೇಲೆ, ತುಂಬ ಸ್ಪಷ್ಟವಾಗಿ, ಅಂಗಳದಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ, "ತಬರ್ನಾಕ್," ಎಂದ.

ಚರ್ಚಿನ ಪೀಠದ ಮೇಲೆ ಪವಿತ್ರ ರೊಟ್ಟಿಯನ್ನಿಡುವ ಪೆಟ್ಟಿಗೆಯ ಹೆಸರು ಅದು. ಸಾಂತ್-ಒಡೀಲಿನವರ ಬಾಯಲ್ಲಿ ಮಾತ್ರ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ನೋಯೆಲ್ಲಾ ಮದುವೆಯಾದಾಗಿನಿಂದ ಮಕ್ಕಳ ಮುಂದೆ ಆ ಮಾತಾಡಬೇಡ ಎಂದು ಅವನ ಜೊತೆ ಕಾದಾಡಿದವಳು. ಈಗ ಅದನ್ನು ಕೇಳಿ ಬಾಯಿಗೆ ಎರಡೂ ಕೈ ಮುಚ್ಚಿಕೊಂಡು ಗೋಡೆಗೊರಗಿ ಕುಸಿದು ಕೂತಳು.

ಓರಿಸ್ಯಾ ಮಾತ್ರ ಬೆರಗಾಗಲಿಲ್ಲ. ಹೀಗಾಗುವುದುಂಟು ಎಂದು ಆಮೇಲೆ ಹೇಳಿದಳು. ಹೊಸ ಮಾತು ಕಟ್ಟುವ ಜಾಗ ಬೇರೆ. ಬೈಗುಳ, ಪ್ರಾರ್ಥನೆ, ಹಾಡು, ಸಾವಿರ ಸಲ ಆಡಿ ನಾಲಿಗೆಗೆ ಅಂಟಿಹೋದ ಮಾತು ಇರುವ ಜಾಗ ಬೇರೆ. ಅಫೇಸಿಯಾ ಮೊದಲನೆಯದನ್ನು ತಿಂದರೂ ಎರಡನೆಯದನ್ನು ಎಷ್ಟೋ ಸಲ ಮುಟ್ಟದೆ ಬಿಡುತ್ತದೆ. ಇವರಿಬ್ಬರ ನಡುವೆ ಹೀಗೆ ಅಂಟಿಹೋದ ಮಾತು ಇನ್ನೇನಾದರೂ ಇದೆಯೇ ಎಂದು ಕೇಳಿದಳು.

"ಇದೆ," ಎಂದ ರೈಮೋ. "ಮರ್ಯಾದಸ್ಥರು ಕೇಳೋ ಅಂಥದ್ದಲ್ಲ."

ಅವಳು ಕುರ್ಚಿ ಎಳೆದುಕೊಟ್ಟಳು. ರೈಮೋ ಕೂತು, ಗಂಟಲು ಸರಿಮಾಡಿಕೊಂಡು, ಗಿಲ್ಬೇರನ ಮಾತನ್ನೇ ತಾನು ಶುರುಮಾಡಿದ. "ನಿನ್ನ ಮೂಗು ನೋಡಿದ್ರೆ ನಮ್ಮೂರ ರಸ್ತೆ..." ಎಂದು ನಿಲ್ಲಿಸಿದ. ಗಿಲ್ಬೇರ್ ಅವನನ್ನೇ ದಿಟ್ಟಿಸಿದ. ತುಟಿಯ ಎಡಗಡೆ ನಡುಗಿತು.

"ನೆನಪಾಗುತ್ತೆ ಕಣೋ," ಎಂದ ಗಿಲ್ಬೇರ್. "ಎಲ್ಲೂ ನೆಟ್ಟಗಿಲ್ಲ."

ಅಂದಿನಿಂದ ರೈಮೋ ವಾರಕ್ಕೆರಡು ಸಲ ಹೋಗತೊಡಗಿದ. ಇಬ್ಬರೂ ಕೂತು ಒಬ್ಬರ ಅಪ್ಪ ಅಜ್ಜಂದಿರನ್ನು ಇನ್ನೊಬ್ಬರು ತೊಳೆದು ಒಣಗಿಸುತ್ತಿದ್ದರು. ಪಕ್ಕದ ಹಾಸಿಗೆಯ ಮುದುಕ ದೂರು ಕೊಟ್ಟ ಮೇಲೆ ಅವರಿಗೆ ಬೇರೆ ಕೋಣೆ ಕೊಟ್ಟರು. ಆದರೆ ಬೈಗುಳದಿಂದ ಆಚೆಗೆ ಒಂದು ಹೆಜ್ಜೆಯೂ ಆಗುತ್ತಿರಲಿಲ್ಲ. ರೈಮೋನ ವಂಶವನ್ನೆಲ್ಲ ಬೈಯಬಲ್ಲವನು ಬಾಯಾರಿದರೆ ನೀರು ಎನ್ನಲಾರ. ಮಗಳು ಎದುರಿಗೆ ನಿಂತಿದ್ದರೆ ಅವಳ ಹೆಸರು ಬಾರದು. ಒಂದು ದಿನ ಆ ಸಿಟ್ಟಿಗೆ ಊಟದ ತಟ್ಟೆಯನ್ನು ಗೋಡೆಗೆಸೆದ. ಅವನನ್ನು ಹಿಡಿಯಲು ಬಗ್ಗಿದ ರೈಮೋನ ಬಾಯಿಗೆ ಎಡಮುಷ್ಟಿಯಿಂದ ಗುದ್ದಿದ. ತುಟಿ ಒಡೆಯಿತು. ಗಿಲ್ಬೇರ್ ಮತ್ತೆ ಗುದ್ದಿದ, ಮತ್ತೆ ಮತ್ತೆ ಗುದ್ದಿದ, ಕೊನೆಗೆ ಅದೇ ಕೈಯನ್ನು ತನ್ನ ಹಣೆಗೆ ಹೊಡೆದುಕೊಳ್ಳತೊಡಗಿದ. ರೈಮೋ ಹಾಸಿಗೆ ಹತ್ತಿ ಅವನ ಮೇಲೆ ಮಲಗಿ, ನರ್ಸುಗಳು ಬರುವತನಕ ಆ ಕೈಯನ್ನು ಒತ್ತಿ ಹಿಡಿದುಕೊಂಡ.

ಆ ದಿನವೇ ತುಟಿಗೆ ಹೊಲಿಗೆ ಹಾಕಿಸಿಕೊಳ್ಳುವಾಗ ಅವನು ಡಾಕ್ಟರನ್ನು ಕೇಳಿದ: ನಾನು ಆವತ್ತು ಬಡಿದ ತಕ್ಷಣ ಇವನನ್ನು ಕರೆತಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇ? ಇವನದರಲ್ಲಿ ಹೇಳುವುದು ಕಷ್ಟ ಎಂದರು ವೊಯ್ಚಿಕ್. ಬೇಗ ಬಂದರೆ ಖಂಡಿತ ಬದುಕಿಸಬಹುದಾದದ್ದು ಇನ್ನೊಂದಿದೆ, ಎಪಿಡ್ಯೂರಲ್. ಪೊರೆಯ ಹೊರಗೆ, ಮೂಳೆಗೂ ಪೊರೆಗೂ ನಡುವೆ ರಕ್ತ ಸೇರುವುದು. ಅದು ಮೋಸದ್ದು. "ಎದ್ದು ಕೂತ್ಕೋತಾರೆ, ನಗ್ತಾರೆ, ಮನೆಗೆ ಹೋಗ್ತೀನಿ ಅಂತಾರೆ. ಕೇಳಿದ್ದನ್ನೇ ಕೇಳ್ತಿರ್ತಾರೆ. ಕಿವಿಯಿಂದ ನೀರು ತೊಟ್ಟಿಕ್ಕಿದ್ರಂತೂ ಮೂಳೆ ಬಿರಿದಿದೆ ಅಂತಲೇ ಅರ್ಥ. ಒಂದೆರಡು ಗಂಟೆಯೊಳಗೆ ಮಲಗಿದವರು ಏಳಲ್ಲ." ರೈಮೋ ಮನೆಗೆ ಬಂದು ಸೌದೆ ಒಡೆಯುವಾಗ ಆ ಪದವನ್ನೂ ಸೇರಿಸಿಕೊಂಡ.

*

ಮಾರ್ಚಿನಲ್ಲಿ ಎರಡೂ ಊರಿನ ತಂಡಗಳು ಮತ್ತೆ ಎದುರಾದವು. ಗಿಲ್ಬೇರನ ಜಾಗಕ್ಕೆ ಸಾಂತ್-ಒಡೀಲಿನವರು ತಂದಿದ್ದು ನೋಯೆಲ್ಲಾಳ ತಮ್ಮ ಲ್ಯೂಕ್‌ನನ್ನು. ಗಣಿಯಲ್ಲಿ ದುಡಿದು ಹುರಿಗಟ್ಟಿದ ಆಳು. ಭಾವನ ಲೆಕ್ಕ ತೀರಿಸುತ್ತೇನೆ ಎಂದು ಅವನು ಸಾರಿಕೊಂಡು ತಿರುಗಿದ್ದ. ಅಂಗಳಕ್ಕಿಳಿಯಬೇಡ ಎಂದು ಡಾಕ್ಟರು ಹೇಳಿದ್ದನ್ನು ರೈಮೋ ಮೆಕ್‌ಕ್ವೇಡ್‌ಗೆ ತಿಳಿಸಿದ. ಡಾಕ್ಟರುಗಳು ಯಾವತ್ತಾದರೂ ಆಡಿದ್ದಾರೆಯೇ ಎಂದ ಮೆಕ್‌ಕ್ವೇಡ್. ರೈಮೋ ಇಳಿದದ್ದು ಆ ಮಾತಿಗಲ್ಲ. ಲ್ಯೂಕ್ ಒಮ್ಮೆ ಹೊಡೆದುಬಿಡಲಿ, ತಾನು ಬಿದ್ದುಬಿಡುತ್ತೇನೆ, ಅಲ್ಲಿಗೆ ಮುಗಿಯಲಿ ಅಂದುಕೊಂಡಿದ್ದ.

ಲ್ಯೂಕ್ ಒಂದೂ ಮಾತಾಡಲಿಲ್ಲ. ಬಂದವನೇ ಹಣೆಯಿಂದ ರೈಮೋನ ಮುಖಕ್ಕೆ ಗುದ್ದಿದ. ಮೂಗು ಪುಡಿಯಾದದ್ದು ಕೇಳಿಸಿತು. ಆಮೇಲೆ ಒಂದೇ ಸಮನೆ ಬಲಗೈ ಬಂತು; ಕೆನ್ನೆ, ಕಣ್ಣು, ಮತ್ತೆ ಕಣ್ಣು. ರೈಮೋ ಕೈ ಕೆಳಗಿಟ್ಟುಕೊಂಡೇ ನಿಂತಿದ್ದ. ಅವನಿಗೆ ಕಡೆಯದಾಗಿ ನೆನಪಿರುವುದು ಮೇಲಿನ ದೀಪಗಳು ಎರಡೆರಡಾಗಿ ಕಂಡದ್ದು.

ಮುಂದಿನದನ್ನು ಜನ ಹೇಳಿದರು. ಅವನ ಕೈ ತಾನಾಗಿ ಎದ್ದಿತು. ಇಷ್ಟು ವರ್ಷ ಕಲಿಸಿದ್ದನ್ನು ಆ ಕೈಗಳು ಯಾರ ಅಪ್ಪಣೆಗೂ ಕಾಯದೆ ಮಾಡಿದವು. ಲ್ಯೂಕ್‌ನ ಜರ್ಸಿಯನ್ನು ತಲೆಯ ಮೇಲೆಳೆದು ಕುರುಡಾಗಿಸಿ, ಅಂಗಳದ ಅಂಚಿನ ಹಲಗೆಗೆ ಅವನ ತಲೆಯನ್ನು ಬಡಿದ, ಹೆಲ್ಮೆಟ್ಟು ಕಳಚಿ ಬಿದ್ದ ಮೇಲೆಯೂ ಬಡಿದ. ರೆಫರಿಗಳು ಅವನ ಕುತ್ತಿಗೆಗೆ ತೋಳು ಸುತ್ತಿ ಎಳೆಯಬೇಕಾಯಿತು. ಒಬ್ಬ ರೆಫರಿಯ ಬೆರಳು ಮುರಿಯಿತು.

ಅವನಿಗೆ ಮತ್ತೆ ಲೋಕ ಕಂಡದ್ದು ಬಟ್ಟೆ ಬದಲಿಸುವ ಕೋಣೆಯಲ್ಲಿ. ಬೆರಳ ಗೆಣ್ಣುಗಳ ಮೇಲೆ ಚರ್ಮ ಇರಲಿಲ್ಲ. ಯಾರನ್ನು ಹೊಡೆದೆ ಎಂದು ಕೇಳಿದ. ಮೆಕ್‌ಕ್ವೇಡ್ ನಗುತ್ತ ಹೇಳಿದ. ಲ್ಯೂಕ್‌ಗೇನೂ ಆಗಿಲ್ಲ, ಎದ್ದು ತಾನೇ ನಡೆದುಕೊಂಡು ಹೋದ, ಮುಂದಿನ ಅವಧಿಗೆ ಇಳಿಯುತ್ತಾನಂತೆ, ಈಗ ತಾನೇ ಓಣಿಯಲ್ಲಿ ಸಿಕ್ಕಿದ್ದ, ಸ್ಕೋರು ಎಷ್ಟಾಗಿದೆ ಎಂದು ಮೂರು ಸಲ ಕೇಳಿದ ಪೆದ್ದ. ಕಿವಿಯಿಂದ ಅದೇನೋ ನೀರು ಇಳಿಯುತ್ತಿತ್ತು, ಬೆವರಿರಬೇಕು.

"ತಲೆ ಗಿಮ್ಮಂದಿರುತ್ತೆ, ಅಷ್ಟೇ," ಅಂದ.

ರೈಮೋ ಎದ್ದ. ಎದ್ದವನು ಮೊದಲು ಮೆಕ್‌ಕ್ವೇಡ್‌ನ ಬಾಯಿಗೆ ಗುದ್ದಿದ, ಯಾಕೆಂದರೆ ಅವನು ಬಾಗಿಲಿಗೆ ಅಡ್ಡ ನಿಂತಿದ್ದ. ಬರಿಗಾಲಲ್ಲಿ ಓಣಿ ದಾಟಿ ಸಾಂತ್-ಒಡೀಲಿನವರ ಕೋಣೆಯ ಬಾಗಿಲನ್ನು ಹೆಗಲಿನಿಂದ ನೂಕಿ ಒಳಗೆ ಹೋದ.

ಒಳಗಿದ್ದವರು ಕಂಡದ್ದು, ಮುಖವೆಲ್ಲ ರಕ್ತವಾದ ಶತ್ರು ತಮ್ಮ ಕೋಣೆಗೇ ನುಗ್ಗಿದ್ದನ್ನು. ಒಬ್ಬ ಹಾಕಿ ಕೋಲಿನಿಂದ ಅವನ ಮೊಣಕಾಲಿಗೆ ಹೊಡೆದ. ಬಿದ್ದವನ ಮೇಲೆ ನಾಲ್ಕಾರು ಜನ ಮುಗಿಬಿದ್ದರು. ಪಕ್ಕೆಗೆ, ಬೆನ್ನಿಗೆ, ಕಿಬ್ಬೊಟ್ಟೆಗೆ ಒದೆ ಬೀಳುತ್ತಿತ್ತು. ರೈಮೋ ತಲೆಯನ್ನು ತೋಳೊಳಗೆ ಹುದುಗಿಸಿಕೊಂಡು ಬೆಂಚಿನ ಮೇಲೆ ಕೂತ ಲ್ಯೂಕ್‌ನ ಕಡೆ ತೆವಳಿದ. ಎಪಿಡ್ಯೂರಲ್, ಎಪಿಡ್ಯೂರಲ್ ಎನ್ನುತ್ತಿದ್ದ. ಅದು ಫಿನ್ನಿಶ್ ಬೈಗುಳ ಎಂದುಕೊಂಡವರು ಇನ್ನಷ್ಟು ಒದ್ದರು.

"ಅವನ ಕಿವಿ ನೋಡ್ರೋ," ಎಂದ ರೈಮೋ. "ನನ್ನನ್ನ ಆಮೇಲೆ ಕೊಲ್ಲಿ. ಅವನ ಕಿವಿ ನೋಡಿ. ಒಡೆದಿದೆ ಬುರುಡೆ, ಒಳಗೆ ರಕ್ತ ತುಂಬ್ತಾ ಇದೆ. ಇನ್ನೊಂದು ಗಂಟೇಲಿ ಅವನಿರಲ್ಲ."

ತಂಡದ ಶುಶ್ರೂಷೆ ನೋಡಿಕೊಳ್ಳುತ್ತಿದ್ದವನು ಲ್ಯೂಕ್‌ನ ಮುಖ ತಿರುಗಿಸಿದ. ಹೆಗಲ ಮೇಲೆ ತಿಳಿಗೆಂಪು ನೀರಿನ ಕಲೆ ಅಂಗೈಯಗಲ ಹಬ್ಬಿತ್ತು. ಲ್ಯೂಕ್ ಎಲ್ಲರನ್ನೂ ನೋಡಿ ನಕ್ಕು, "ಸ್ಕೋರು ಎಷ್ಟಾಯ್ತು?" ಎಂದ. ಆಮೇಲೆ ತನ್ನ ತೊಡೆಯ ಮೇಲೆ ವಾಂತಿ ಮಾಡಿಕೊಂಡ.

ಗಿಲ್ಬೇರನ ಪ್ರಸಂಗ ಆದಾಗಿನಿಂದ ಪಂದ್ಯದ ದಿನ ಹೊರಗೊಂದು ಆಂಬುಲೆನ್ಸ್ ನಿಂತಿರುತ್ತಿತ್ತು. ದಾರಿಯಲ್ಲೇ ಲ್ಯೂಕ್ ಕಣ್ಣು ಮುಚ್ಚಿದ, ಕೂಗಿದರೆ ಓಗೊಡಲಿಲ್ಲ. ಸಡ್ಬರಿಯಲ್ಲಿ ನೇರವಾಗಿ ಶಸ್ತ್ರಚಿಕಿತ್ಸೆಗೆ ಒಯ್ದು ಕಪಾಲದ ಮೂಳೆ ಕೊರೆದು ರಕ್ತ ತೆಗೆದರು. ಅವನು ಉಳಿದ. ಕೈಕಾಲು, ಮಾತು, ಎಲ್ಲವೂ ನೆಟ್ಟಗೆ ಉಳಿದವು.

ರೈಮೋನನ್ನು ಅದೇ ಆಸ್ಪತ್ರೆಗೆ ಬೇರೆ ಗಾಡಿಯಲ್ಲಿ ತಂದಿದ್ದರು. ಪಕ್ಕೆಲುಬು ಮುರಿದಿದ್ದವು, ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಮಾರನೆಯ ದಿನ ನೋಯೆಲ್ಲಾ ಅವನ ಹಾಸಿಗೆಯ ಬುಡದಲ್ಲಿ ಬಂದು ನಿಂತಳು. ತಮ್ಮನ ಕೋಣೆಯಿಂದ ಬಂದವಳು. ಗಂಡನ ಕೋಣೆಗೆ ಹೋಗುವವಳು.

"ನೀನೇ ಮುರೀತೀಯ," ಅಂದಳು. "ಮುರಿದು, ನೀನೇ ಆಂಬುಲೆನ್ಸ್ ಕರೀತೀಯ. ಈಗ ನಿನಗೆ ಉಪಕಾರ ಆಯ್ತು ಅಂತ ಹೇಳ್ಬೇಕಾ ನಾನು?"

"ಬೇಡ," ಎಂದ ರೈಮೋ.

"ಹೇಳಲ್ಲ."

ಅವಳು ಜಾರಿದ್ದ ಹೊದಿಕೆಯನ್ನು ಸರಿಮಾಡದೆಯೇ ಹೋದಳು.

*

ರೈಮೋ ಇನ್ನೆಂದೂ ಆಡದಂತೆ ಲೀಗಿನವರು ಹೊರಹಾಕಿದರು. ಮೆಕ್‌ಕ್ವೇಡ್ ದವಡೆಗೆ ತಂತಿ ಕಟ್ಟಿಸಿಕೊಂಡು ಅವನ ಮೇಲೆ ಕೇಸು ಹಾಕಿದ. ಗುದ್ದಿದ್ದು ನಿಜವೆಂದು ರೈಮೋ ಒಪ್ಪಿಕೊಂಡ, ನ್ಯಾಯಾಧೀಶರು ಜೈಲಿಗೆ ಕಳಿಸದೆ ಎಚ್ಚರಿಕೆ ಕೊಟ್ಟು ಬಿಟ್ಟರು. ಆ ಬೇಸಿಗೆಯಲ್ಲಿ ಅವನಿಗೆ ಒಲೆಯ ಮುಂದೆಯೇ ಒಮ್ಮೆ ಸೆಳವು ಬಂತು. ಡಾಕ್ಟರ್ ವೊಯ್ಚಿಕ್ ಅದಕ್ಕೂ ಒಂದು ಹೆಸರು ಹೇಳಿದರು, ಮಾತ್ರೆ ಕೊಟ್ಟರು, ಗಾಡಿ ಓಡಿಸಕೂಡದು ಎಂದರು. ಲ್ಯೂಕ್ ಮುಂದಿನ ಚಳಿಗಾಲದಲ್ಲಿ ಡಾಕ್ಟರ ಮಾತು ಮೀರಿ ಬೇರೊಂದು ಊರಿನ ತಂಡ ಸೇರಿ, ಮೊದಲ ಪಂದ್ಯದಲ್ಲೇ ಒಬ್ಬನ ದವಡೆ ಮುರಿದ ಎಂದು ಎರ್ಕಿಯ ಗಿರಾಕಿಗಳು ಹೇಳಿದರು.

ಗಿಲ್ಬೇರನ ಬಳಿಗೆ ಹೋಗುವುದನ್ನು ಮಾತ್ರ ಅವನು ಬಿಡಲಿಲ್ಲ. ಬಸ್ಸಿನಲ್ಲಿ ಹೋಗುತ್ತಿದ್ದ. ಗಿಲ್ಬೇರ್ ಈಗ ಊರುಗೋಲು ಹಿಡಿದು ನಡೆಯುತ್ತಿದ್ದ, ಬಲಗಾಲನ್ನು ಎಳೆದು ಹಾಕುತ್ತಿದ್ದ. ಓರಿಸ್ಯಾಳ ಕೋಣೆಯಲ್ಲಿ ಮೊದಲು ಬೈಗುಳ, ಆಮೇಲೆ ಅಭ್ಯಾಸ. ಬೈಗುಳದ ನಡುವೆ ಒಂದೊಂದು ಪದ ಬದಲಿಸುವಂತೆ ಅವಳು ಹೇಳಿಕೊಡುತ್ತಿದ್ದಳು: ಮೂಗಿನ ಜಾಗದಲ್ಲಿ ಟೋಪಿ, ರಸ್ತೆಯ ಜಾಗದಲ್ಲಿ ಹೊಳೆ. ಹಾಗೆ ತೇಪೆ ಹಾಕುತ್ತ ಹಾಕುತ್ತ ಅವನಿಗೆ ನೀರು ಬಂತು, ರೊಟ್ಟಿ ಬಂತು, ಮಗಳ ಹೆಸರು ಬಂತು. ರೈಮೋಗೂ ಆ ಕೋಣೆ ಬೇಕಾಗಿತ್ತು. ತಲೆನೋವಿನ ದಿನಗಳಲ್ಲಿ ಅವನು ಮಾತು ಮರೆತು ನಡುವೆ ನಿಂತರೆ ಗಿಲ್ಬೇರ್ ಕಾಯುತ್ತಿದ್ದ. ಬೇರೆ ಯಾರೂ ಹಾಗೆ ಕಾಯುತ್ತಿರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ರೈಮೋ ಬಂದು ಕೂತು ಎಂದಿನಂತೆ ಶುರುಮಾಡಿದ. ಗಿಲ್ಬೇರ್ ಎಡಗೈ ಎತ್ತಿ ತಡೆದ. ಹಣೆಯಲ್ಲಿ ಬೆವರು ಮೂಡಿತ್ತು. ಒಂದೊಂದು ಪದವನ್ನೂ ಬಾವಿಯಿಂದ ಸೇದಿದ ಹಾಗೆ ಎಳೆದು ತಂದ.

"ರೈಮೋ. ಸಾಕು. ನೋಯೆಲ್ಲಾ... ನಿನ್ನ ನೋಡಿದ್ರೆ... ರಾತ್ರಿ... ಮಲಗಲ್ಲ. ಇನ್ನ... ಬರ್ಬೇಡ."

ಓರಿಸ್ಯಾ ಕೈಯಲ್ಲಿದ್ದ ಚಿತ್ರಗಳನ್ನು ಕೆಳಗಿಟ್ಟಳು. ಎಲ್ಲಿಂದಲೂ ಎರವಲು ತಾರದೆ ಅವನು ತಾನಾಗಿ ಕಟ್ಟಿದ ಮೊದಲ ಇಡೀ ಮಾತು ಅದು. ಅವಳ ಮುಖ ಅರಳಿತು. ಅದರ ಅರ್ಥ ತಟ್ಟಿದ ಮೇಲೆ ಅವಳು ರೈಮೋನ ಕಡೆ ನೋಡಲಾರದೆ ಹೋದಳು.

"ಅವಳು ಹೇಳ್ಕೊಟ್ಲಾ?" ಎಂದು ಕೇಳಿದ ರೈಮೋ.

"ಇಲ್ಲ," ಎಂದ ಗಿಲ್ಬೇರ್. "ನಾನೇ."

ರೈಮೋ ಎದ್ದು ಕೋಟು ಹಾಕಿಕೊಂಡ. ಗುಂಡಿ ಹಾಕಲು ಬೆರಳು ಬಗ್ಗದೆ ಹೊತ್ತಾಯಿತು. ಗಿಲ್ಬೇರ್ ತನ್ನ ಎಡಗೈ ಚಾಚಿದ. ರೈಮೋ ಅದನ್ನು ತನ್ನ ಎಡಗೈಯಲ್ಲೇ ಹಿಡಿದ, ಬಿಟ್ಟ. ಬಸ್ಸಿನಲ್ಲಿ ಊರು ತಲುಪುವತನಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಬರಬೇಡವೆಂದದ್ದು ನೋಯುತ್ತಿತ್ತು, ಆ ಮಾತು ಎಷ್ಟು ಸರಿಯಾಗಿ ಜೋಡಣೆಯಾಗಿತ್ತು ಎಂಬ ಸಂತೋಷವೂ ಅದರ ಜೊತೆಗೇ ಇತ್ತು.

ಎರ್ಕಿ ಸೌನಾದ ಬಾಗಿಲಲ್ಲಿ ಬೂದಿ ತೋಡುತ್ತಿದ್ದ. ನಿನ್ನ ಫ್ರೆಂಚನವ ಹೇಗಿದ್ದಾನೆ ಎಂದು ಕೇಳಿದ.

"ಮಾತಾಡಿದ."

"ಏನಂದ?"

"ಇನ್ನ ಬರ್ಬೇಡ ಅಂದ."

ಎರ್ಕಿ ಸಲಿಕೆ ಊರಿ ನಿಂತು ಸೋದರಳಿಯನ ಮುಖ ನೋಡಿದ. ರೈಮೋ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಮಧ್ಯಾಹ್ನದ ಮಾತ್ರೆ ನುಂಗಿ, ಸಂಜೆಯ ಗಿರಾಕಿಗಳು ಬರುವ ಮುನ್ನ ಒಲೆ ಹೊತ್ತಿಸಲು ಒಳಗೆ ಹೋದ.